ಒಬ್ಬನಾದರೂ ಓದಲಿ: ಸುಬೇದಾರ್ ರಾಮ್‌ಜಿ ಸಕ್ಪಾಲರ ಮನೆಯ ಲೆಕ್ಕ

ಡಾ. ಅಂಬೇಡ್ಕರ್ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರಹಗಳಿವೆ. ಅವರ ಅಪ್ಪನ ವಿಷಯ ಬಂದಾಗ ಮಾತ್ರ ಎರಡು ಸಾಲಿಗೆ ಮುಗಿಯುತ್ತದೆ. ಸೈನ್ಯದಲ್ಲಿದ್ದರು, ಕಬೀರಪಂಥದವರು, ಶಿಸ್ತಿನ ಮನುಷ್ಯ. ಅಷ್ಟು ಹೇಳಿ ಎಲ್ಲರೂ ಮಗನ ಕಡೆ ತಿರುಗುತ್ತಾರೆ.

ನಾನು ಇಲ್ಲಿ ಅಪ್ಪನ ಹತ್ತಿರವೇ ನಿಲ್ಲುತ್ತೇನೆ. ಸುಬೇದಾರ್ ರಾಮ್‌ಜಿ ಮಾಲೋಜಿ ಸಕ್ಪಾಲ್ ಎಂಬ ನಿವೃತ್ತ ಸೈನಿಕ ತನ್ನ ಮನೆಯವರಿಗೆ ಒಳ್ಳೆಯ ನಾಳೆ ಬೇಕು ಎಂದುಕೊಂಡರು. ಅದಕ್ಕಾಗಿ ಅವರು ದಿನನಿತ್ಯ ಏನು ಮಾಡಿದರು, ದುಡ್ಡು ಎಲ್ಲಿಂದ ತಂದರು, ಮನೆಯಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರು? ಈ ಬರಹ ಅದರ ಬಗ್ಗೆ. ಕನಸು ಕಾಣುವ ಅಪ್ಪಂದಿರು ಎಲ್ಲ ಕಡೆ ಇದ್ದಾರೆ. ಆ ಕನಸಿನ ಖರ್ಚಿನ ವಿವರ ಇಷ್ಟು ಸ್ಪಷ್ಟವಾಗಿ ಸಿಗುವ ಮನೆಗಳು ಕಡಿಮೆ. ಮಗನೇ ಅದನ್ನು ಹಲವು ಸಲ ಹೇಳಿಕೊಂಡಿದ್ದರಿಂದ ಮತ್ತು ಜೀವನಚರಿತ್ರೆಕಾರರು ಬರೆದಿಟ್ಟಿದ್ದರಿಂದ ನಮಗೆ ಅದು ತಿಳಿದಿದೆ.

ತೆರೆದು ಮುಚ್ಚಿದ ಬಾಗಿಲು

ಈ ಕುಟುಂಬದ ಮೂಲ ಊರು ಕೊಂಕಣದ ರತ್ನಾಗಿರಿ ಜಿಲ್ಲೆಯ ಅಂಬಡವೆ. ಜಾತಿಯಲ್ಲಿ ಮಹಾರರು, ಅಂದರೆ ಆಗ ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಜಾತಿ. ಊರಲ್ಲೇ ಉಳಿದಿದ್ದರೆ ರಾಮ್‌ಜಿ ಅವರಿಗೆ ಅಕ್ಷರ ಸಿಗುವ ದಾರಿ ಇರಲಿಲ್ಲ. ದಾರಿ ಸಿಕ್ಕಿದ್ದು ಬ್ರಿಟಿಷರ ಸೈನ್ಯದಿಂದ. ಆಗ ಸೈನಿಕರಿಗೂ ಅವರ ಮಕ್ಕಳಿಗೂ ದಂಡಿನ ಶಾಲೆಗಳಲ್ಲಿ ಪಾಠ ಕಡ್ಡಾಯವಾಗಿತ್ತು. ಹುಡುಗಿಯರಿಗೂ ಕಡ್ಡಾಯ. ರಾಮ್‌ಜಿ ಅವರ ತಂದೆ ಸೈನ್ಯದಲ್ಲಿದ್ದರು, ಹೆಂಡತಿ ಭೀಮಾಬಾಯಿ ಅವರ ತವರಿನವರೂ ಸೈನ್ಯದವರೇ. ರಾಮ್‌ಜಿ ಪುಣೆಯಲ್ಲಿ ಶಿಕ್ಷಕ ತರಬೇತಿ ಪಡೆದು, 14 ವರ್ಷ ಸೈನ್ಯದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅಂದರೆ ಅವರು ಬಂದೂಕು ಹಿಡಿದವರಷ್ಟೇ ಅಲ್ಲ, ಮೇಷ್ಟ್ರು ಕೂಡ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಇದು ನೆನಪಿರಬೇಕು.

1891ರ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ದಂಡಿನಲ್ಲಿ ಅವರ 14ನೇ ಮಗು ಹುಟ್ಟಿತು. ಅದೇ ಭೀಮರಾವ್. ಅಷ್ಟು ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಬಲರಾಮ್, ಆನಂದರಾವ್, ಭೀಮರಾವ್ ಎಂಬ ಮೂರು ಗಂಡುಮಕ್ಕಳು, ಮಂಜುಳಾ ಮತ್ತು ತುಳಸಾ ಎಂಬ ಇಬ್ಬರು ಹೆಣ್ಣುಮಕ್ಕಳು ಉಳಿದರು.

ಭೀಮ ಹುಟ್ಟಿದ ಎರಡು ಮೂರು ವರ್ಷಕ್ಕೆ ರಾಮ್‌ಜಿ ನಿವೃತ್ತರಾದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸರ್ಕಾರ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿತು. ಯುದ್ಧಕ್ಕೆ ತಕ್ಕ ಜಾತಿಗಳು, ತಕ್ಕದ್ದಲ್ಲದ ಜಾತಿಗಳು ಎಂದು ಬ್ರಿಟಿಷರು ವಿಂಗಡಿಸಿದ್ದರು. ತಲೆಮಾರುಗಳಿಂದ ಸೈನ್ಯಕ್ಕಾಗಿ ದುಡಿದವರು ಎರಡನೇ ಪಟ್ಟಿಗೆ ಬಿದ್ದರು. ಇದರ ವಿರುದ್ಧ ಅರ್ಜಿ ಕೊಡಲು ರಾಮ್‌ಜಿ ಓಡಾಡಿದರು. ಅದನ್ನು ಬರೆಸಲು ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ ಅವರ ನೆರವು ಪಡೆದರು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಅರ್ಜಿಯಿಂದ ಏನೂ ಆಗಲಿಲ್ಲ.

ಈಗ ಅವರ ಸ್ಥಿತಿ ನೋಡಿ. ತಾನು ಯಾವ ಏಣಿ ಹತ್ತಿ ಬಂದರೋ ಅದನ್ನು ಮಕ್ಕಳು ಕಾಲಿಡುವ ಮೊದಲೇ ಎಳೆದುಕೊಂಡಿದ್ದಾರೆ. ಗಂಡುಮಕ್ಕಳನ್ನು ಸೈನ್ಯಕ್ಕೆ ಕಳಿಸುವ ಹಾಗಿಲ್ಲ. ಅಕ್ಷರ ಬಲ್ಲ ಅಪ್ಪ ಒಬ್ಬರು ಮನೆಯಲ್ಲಿದ್ದಾರೆ, ಸ್ವಲ್ಪ ಪಿಂಚಣಿ ಬರುತ್ತದೆ, ಅಷ್ಟೇ ಆಸ್ತಿ. ಓದು ಬಿಟ್ಟರೆ ಬೇರೆ ದಾರಿ ಇಲ್ಲ ಎಂದು ರಾಮ್‌ಜಿ ಗಟ್ಟಿ ಮಾಡಿಕೊಂಡಿದ್ದಕ್ಕೆ ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ.

ಕುಟುಂಬ ಮೊದಲು ಕೊಂಕಣದ ದಾಪೋಲಿಗೆ, ಆಮೇಲೆ ಸಾತಾರಾಕ್ಕೆ ಹೋಯಿತು. ಸಾತಾರಾದಲ್ಲಿ ಭೀಮಾಬಾಯಿ ತೀರಿಕೊಂಡರು. ಮಕ್ಕಳನ್ನು ನೋಡಿಕೊಂಡವರು ರಾಮ್‌ಜಿ ಅವರ ಅಕ್ಕ ಮೀರಾಬಾಯಿ. ಆ ಸೋದರತ್ತೆಗೆ ಬೆನ್ನು ಬಾಗಿತ್ತು, ಕಾಲಿನ ತೊಂದರೆಯೂ ಇತ್ತು. 1900ರ ನವೆಂಬರ್ 7ರಂದು ಭೀಮ ಸಾತಾರಾದ ಸರ್ಕಾರಿ ಹೈಸ್ಕೂಲಿಗೆ ಸೇರಿದ. ಮಹಾರಾಷ್ಟ್ರ ಸರ್ಕಾರ ಈಗ ಆ ದಿನವನ್ನು ವಿದ್ಯಾರ್ಥಿ ದಿನವಾಗಿ ಆಚರಿಸುತ್ತದೆ. ಆ ಶಾಲೆಯಲ್ಲಿ ಭೀಮ ಕೂರಬೇಕಾಗಿದ್ದದ್ದು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ನಲ್ಲಿ ಮುಟ್ಟುವ ಹಾಗಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು. ಜವಾನ ಇಲ್ಲದಿದ್ದರೆ ಬಾಯಾರಿಕೆಯೇ ಗತಿ.

ಗೋರೇಗಾಂವ್‌ಗೆ ಹೊರಟ ಮಕ್ಕಳು

1901ರ ಒಂದು ಪ್ರಯಾಣವನ್ನು ಅಂಬೇಡ್ಕರ್ ತಮ್ಮ ನೆನಪಿನ ಟಿಪ್ಪಣಿಗಳಲ್ಲಿ ವಿವರವಾಗಿ ಬರೆದಿದ್ದಾರೆ. ಅವಮಾನದ ಕತೆ ಎಂದು ಇದು ಎಲ್ಲರಿಗೂ ಗೊತ್ತು. ಅಪ್ಪನ ಕಡೆಯಿಂದ ಓದಿದರೆ ಇದರಲ್ಲಿ ಇನ್ನೊಂದು ಕತೆಯಿದೆ.

ಆಗ ಬರಗಾಲ. ಸಾವಿರಾರು ಜನ ಸಾಯುತ್ತಿದ್ದರು. ಜನರಿಗೆ ಕೂಲಿ ಸಿಗಲಿ ಎಂದು ಮುಂಬೈ ಸರ್ಕಾರ ಸಾತಾರಾ ಜಿಲ್ಲೆಯ ಖಟಾವ್ ತಾಲ್ಲೂಕಿನ ಗೋರೇಗಾಂವ್‌ನಲ್ಲಿ ಕೆರೆ ತೋಡಿಸುತ್ತಿತ್ತು. ಅಲ್ಲಿ ರಾಮ್‌ಜಿ ಕ್ಯಾಷಿಯರ್ ಆಗಿದ್ದರು. ಮಕ್ಕಳು ಸಾತಾರಾದಲ್ಲಿ. ಬೇಸಿಗೆ ರಜೆಗೆ ಬನ್ನಿ ಎಂದು ಅಪ್ಪನ ಕಾಗದ ಬಂತು. ಮಕ್ಕಳ ಸಂಭ್ರಮ ಕೇಳಬೇಕೇ? ಅವರು ಅಲ್ಲಿಯವರೆಗೆ ರೈಲನ್ನೇ ನೋಡಿರಲಿಲ್ಲ. ಅಪ್ಪ ಕಳಿಸಿದ ದುಡ್ಡಲ್ಲಿ ಹೊಸ ಅಂಗಿ, ಮಿರಿಮಿರಿ ಮಿನುಗುವ ಟೋಪಿ, ಹೊಸ ಚಪ್ಪಲಿ, ರೇಷ್ಮೆ ಅಂಚಿನ ಪಂಚೆ ಎಲ್ಲ ಬಂದವು.

ಒಂದು ಗಳಿಗೆ ಆ ಬಟ್ಟೆಗಳನ್ನು ನೋಡಿ. ಬರಗಾಲದ ವರ್ಷದಲ್ಲಿ, ಹಸಿದ ಜನ ಮಣ್ಣು ಹೊರುವ ಕಡೆ ಕೂಲಿಯ ಲೆಕ್ಕ ಬರೆಯುತ್ತಿದ್ದ ಮನುಷ್ಯ ಮಕ್ಕಳಿಗೆ ಕಳಿಸಿದ ದುಡ್ಡು ಅದು. ಮಕ್ಕಳು ಮರ್ಯಾದೆಯಾಗಿ ಕಾಣಬೇಕು ಎಂಬ ಆಸೆ ಎಷ್ಟಿದ್ದಿರಬೇಕು.

ಭೀಮ, ಅಣ್ಣ, ತೀರಿಹೋದ ಇನ್ನೊಬ್ಬ ಅಕ್ಕನ ಮಕ್ಕಳು ಸೇರಿ ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಬರುತ್ತೇವೆಂದು ಬರೆದ ಕಾಗದವನ್ನು ರಾಮ್‌ಜಿ ಅವರ ಆಳು ಅವರಿಗೆ ತಲುಪಿಸಿರಲಿಲ್ಲ. ಬಟ್ಟೆ ನೋಡಿ ದೊಡ್ಡ ಮನೆಯ ಮಕ್ಕಳೆಂದುಕೊಂಡ ಸ್ಟೇಷನ್ ಮಾಸ್ತರರು ಪ್ರೀತಿಯಿಂದಲೇ ವಿಚಾರಿಸಿದರು. ಮಹಾರರು ಎಂದು ಗೊತ್ತಾದ ಕೂಡಲೇ ಅವರ ಮುಖ ಬದಲಾಯಿತು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಮಕ್ಕಳೇ ಗಾಡಿ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಷರತ್ತಿನ ಮೇಲೆ. ದಾರಿಯಲ್ಲಿ ಬುತ್ತಿ ಬಿಚ್ಚಿದರೆ ಕುಡಿಯಲು ನೀರಿಲ್ಲ. ಹಳ್ಳದಲ್ಲಿದ್ದದ್ದು ಸಗಣಿ, ಗಂಜಲ ಬೆರೆತ ಕೆಸರು. ರಾತ್ರಿ ಸುಂಕದ ಕಟ್ಟೆಯಲ್ಲಿ ಮುಸಲ್ಮಾನರೆಂದು ಹೇಳಿ ಉರ್ದುವಿನಲ್ಲಿ ಕೇಳಿದರೂ ನೀರು ಸಿಗಲಿಲ್ಲ. ಮಾರನೇ ದಿನ ಬೆಳಿಗ್ಗೆ 11ರ ಹೊತ್ತಿಗೆ ಗೋರೇಗಾಂವ್ ಮುಟ್ಟಿದರು. ಮಕ್ಕಳನ್ನು ಕಂಡು ಅಪ್ಪನಿಗೆ ಆಶ್ಚರ್ಯ. ಅವರು ಬರುವುದೇ ಗೊತ್ತಿರಲಿಲ್ಲವಲ್ಲ.

ಶಾಲೆಯಲ್ಲಿ ಬೇರೆ ಕೂರಿಸುತ್ತಾರೆ, ಕ್ಷೌರದವನು ಮುಟ್ಟುವುದಿಲ್ಲ ಎಂಬುದೆಲ್ಲ ಭೀಮನಿಗೆ ಮೊದಲೇ ಗೊತ್ತಿತ್ತು. ಅದರ ಅರ್ಥ ತಟ್ಟಿದ್ದು ಈ ಪ್ರಯಾಣದಲ್ಲಿ ಎಂದು ಅವರು ಬರೆಯುತ್ತಾರೆ. ಒಳ್ಳೆಯ ಬಟ್ಟೆ, ಕೈಯಲ್ಲಿ ದುಡ್ಡು, ಸರ್ಕಾರಿ ಕೆಲಸದ ಅಪ್ಪ. ಈ ಮೂರೂ ಇದ್ದ ಮಕ್ಕಳಿಗೆ ಒಂದು ಲೋಟ ನೀರು ಸಿಗಲಿಲ್ಲ. ರಾಮ್‌ಜಿ ತಮ್ಮ ಕೈಲಾದದ್ದನ್ನೆಲ್ಲ ಕೊಟ್ಟಿದ್ದರು. ಅದು ಸಾಲಲಿಲ್ಲ.

ಈ ಹೊತ್ತಿಗೆ ರಾಮ್‌ಜಿ ಇನ್ನೊಂದು ಮದುವೆಯಾಗಿದ್ದರು. ಕಿರಿಯ ಮಗನಿಗೆ ಅದು ಹಿಡಿಸಲಿಲ್ಲ. ಅಪ್ಪನ ಹಂಗು ಬೇಡ, ಮುಂಬೈಗೆ ಹೋಗಿ ಗಿರಣಿ ಸೇರುತ್ತೇನೆ ಎಂದು ಹಟ ಹಿಡಿದ. ಪ್ರಯಾಣದ ಖರ್ಚಿಗೆ ಸೋದರತ್ತೆಯ ಸೊಂಟದ ಚೀಲಕ್ಕೆ ಕೈ ಹಾಕಿದ. ಮೂರು ರಾತ್ರಿ ಆಗಲಿಲ್ಲ. ನಾಲ್ಕನೇ ರಾತ್ರಿ ಚೀಲ ಸಿಕ್ಕಿತು. ಒಳಗಿದ್ದದ್ದು ಅರ್ಧ ಆಣೆ. ಓದಿ ಬೇಗ ಸ್ವಂತ ಕಾಲ ಮೇಲೆ ನಿಲ್ಲುತ್ತೇನೆ ಎಂದು ಅವತ್ತು ತೀರ್ಮಾನ ಮಾಡಿದೆ ಎಂದು ಅಂಬೇಡ್ಕರ್ ಮುಂದೆ ಹೇಳಿಕೊಂಡಿದ್ದಾರೆ. ಅಪ್ಪನ ಕನಸು ಮಗನ ಹಟವೂ ಆದದ್ದು ಹೀಗೆ, ಅಪ್ಪನ ಮೇಲಿನ ಸಿಟ್ಟಿನಿಂದ.

ಪರಳದ ಒಂದೇ ಕೋಣೆ

1904ರಲ್ಲಿ ರಾಮ್‌ಜಿ ಮನೆಮಂದಿಯನ್ನು ಮುಂಬೈಗೆ ಕರೆತಂದರು. ಪರಳ ಭಾಗದ ಗಿರಣಿ ಕಾರ್ಮಿಕರ ಚಾಳಿನಲ್ಲಿ ಒಂದು ಕೋಣೆ. ಅಡುಗೆ ಅಲ್ಲೇ, ಮಲಗುವುದು ಅಲ್ಲೇ, ಓದುವುದೂ ಅಲ್ಲೇ. ಸೌದೆ ಹೊಗೆ, ಪಾತ್ರೆ ಸದ್ದು, ಅಕ್ಕಪಕ್ಕದ ಜಗಳ.

ಇಲ್ಲಿ ರಾಮ್‌ಜಿ ಮಾಡಿದ ವ್ಯವಸ್ಥೆ ನನಗೆ ಈ ಇಡೀ ಪ್ರಕರಣದಲ್ಲೇ ಜಾಸ್ತಿ ಮುಖ್ಯವಾಗಿ ಕಾಣುತ್ತದೆ. ಕೋಣೆಯಲ್ಲಿ ಎಲ್ಲರೂ ಕಾಲು ಚಾಚಲು ಜಾಗ ಇರಲಿಲ್ಲ. ಹಗಲಲ್ಲಿ ಶಾಂತಿ ಇರಲಿಲ್ಲ. ಆದ್ದರಿಂದ ಭೀಮನನ್ನು ಸಂಜೆ ಬೇಗ ಮಲಗಿಸುತ್ತಿದ್ದರು. ತಾವು ಎದ್ದೇ ಇರುತ್ತಿದ್ದರು. ರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸಿ, ಅವನ ಜಾಗದಲ್ಲಿ ತಾವು ಮಲಗುತ್ತಿದ್ದರು. ತಲೆಯ ಹತ್ತಿರ ಬೀಸುವ ಕಲ್ಲು, ಕಾಲ ಬಳಿ ಕಟ್ಟಿದ ಆಡು, ಮಿಣುಕುವ ಚಿಮಣಿ ದೀಪ. ಊರು ಮಲಗಿರುವಾಗ ಮಗನ ಓದು. ಬೆಳಕು ಹರಿದ ಮೇಲೆ ಶಾಲೆ.

ಇದು ಒಂದು ದಿನ, ಒಂದು ಪರೀಕ್ಷೆಯ ಮಾತಲ್ಲ. ವಯಸ್ಸಾದ ಮನುಷ್ಯ ರಾತ್ರಿ ಎರಡರವರೆಗೆ ಸುಮ್ನೆ ಕೂತಿರುವುದು ಸುಲಭ ಅಲ್ಲ. ದುಡ್ಡು ಇಲ್ಲದ ಅಪ್ಪನ ಹತ್ತಿರ ಕೊಡಲು ಇದ್ದದ್ದು ನಿದ್ದೆ. ಅದನ್ನು ಕೊಟ್ಟರು.

ಪಾಠವೂ ಅವರದೇ. ಮರಾಠಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮರಾಠಿಗೆ ಅನುವಾದ ಮಾಡಿಸುತ್ತಿದ್ದರು. ಭಾಷಾಂತರದ ಪಾಠಪುಸ್ತಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ತಮಗೆ ಇಂಗ್ಲಿಷ್ ಒಲಿದದ್ದಕ್ಕೆ ಅಪ್ಪನೇ ಕಾರಣ ಎಂದು ಅಂಬೇಡ್ಕರ್ ಹೇಳುತ್ತಿದ್ದರು. ಮಗ ಸಂಸ್ಕೃತ ಕಲಿಯಬೇಕು ಎಂಬ ಆಸೆಯೂ ರಾಮ್‌ಜಿ ಅವರಿಗಿತ್ತು. ಶಾಲೆಯ ಸಂಸ್ಕೃತ ಪಂಡಿತರು ಮಹಾರ ಹುಡುಗನಿಗೆ ಕಲಿಸಲು ಒಪ್ಪಲಿಲ್ಲ. ಭೀಮ ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು.

ಇನ್ನು ಪುಸ್ತಕ. ಭೀಮನಿಗೆ ಪಠ್ಯ ಬಿಟ್ಟು ಬೇರೆ ಪುಸ್ತಕಗಳ ಹುಚ್ಚು. ಕೇಳಿದ ಪುಸ್ತಕ ತರಲು ಕೈಯಲ್ಲಿ ಕಾಸಿಲ್ಲದಾಗ ರಾಮ್‌ಜಿ ಮದುವೆಯಾಗಿ ಮುಂಬೈಯಲ್ಲೇ ಇದ್ದ ಕಿರಿಯ ಮಗಳ ಮನೆಗೆ ಹೋಗುತ್ತಿದ್ದರು. ಅಲ್ಲಿ ಸಿಗದಿದ್ದರೆ ಹಿರಿಯ ಮಗಳ ಮನೆ. ದುಡ್ಡಿಲ್ಲದಿದ್ದರೆ ಒಡವೆ ಕೊಡು ಎನ್ನುತ್ತಿದ್ದರು. ಆ ಒಡವೆ ಮಾರ್ವಾಡಿಯ ಅಂಗಡಿಯಲ್ಲಿ ಅಡವಾಗುತ್ತಿತ್ತು. ಪಿಂಚಣಿ ಬಂದ ದಿನ ಬಿಡಿಸಿ ತಂದು ಕೊಡುತ್ತಿದ್ದರು. ಮತ್ತೆ ಪುಸ್ತಕ ಬೇಕಾದಾಗ ಮತ್ತೆ ಅದೇ ಒಡವೆ, ಅದೇ ಅಂಗಡಿ.

ಅಪ್ಪ ಮಗನ ವಾದ

ರಾಮ್‌ಜಿ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಮಲಗುವ ಮೊದಲು ಗಂಡುಮಕ್ಕಳು ರಾಮಾಯಣ ಅಥವಾ ಮಹಾಭಾರತದ ಒಂದು ಭಾಗವನ್ನು ಗಟ್ಟಿಯಾಗಿ ಓದಬೇಕು. ಅಕ್ಕಂದಿರು, ನೆರೆಯವರು ಕೂತು ಕೇಳುತ್ತಿದ್ದರು. ಇದು ವರ್ಷಗಟ್ಟಲೆ ನಡೆಯಿತು. ಬುದ್ಧ ಮತ್ತು ಅವನ ಧಮ್ಮದ ಬಗ್ಗೆ ತಾವು ಬರೆದ ಕೊನೆಯ ಪುಸ್ತಕಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಅಂಬೇಡ್ಕರ್ ಇದನ್ನು ನೆನೆದಿದ್ದಾರೆ.

ಅದೇ ಮುನ್ನುಡಿಯಲ್ಲಿ ಇನ್ನೊಂದು ಪ್ರಸಂಗವಿದೆ. ಭೀಮ ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದ. ತಮ್ಮ ಸಮುದಾಯದಲ್ಲಿ ಅಷ್ಟು ಓದಿದ ಮೊದಲ ಹುಡುಗ ಎಂದು ಜನ ಸಭೆ ಮಾಡಲು ಹೊರಟರು. ರಾಮ್‌ಜಿ ಖಡಾಖಂಡಿತವಾಗಿ ಬೇಡ ಎಂದರು. ಹುಡುಗನ ತಲೆ ತಿರುಗುತ್ತದೆ, ಪರೀಕ್ಷೆ ಪಾಸಾಗಿದ್ದಾನೆ, ಇನ್ನೇನು ಮಾಡಿದ್ದಾನೆ ಎಂಬುದು ಅವರ ಮಾತು. ಜನ ಬಿಡಲಿಲ್ಲ. ರಾಮ್‌ಜಿ ಅವರ ಗೆಳೆಯ, ಮರಾಠಿ ಲೇಖಕ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಬಂದು ಒಪ್ಪಿಸಿದರು. ಸಭೆಯಲ್ಲಿ ಕೇಳುಸ್ಕರ್ ತಾವು ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿಟ್ಟರು.

ಆ ಪುಸ್ತಕ ಓದಿದ ಭೀಮ ಅಪ್ಪನಿಗೆ ಒಂದು ಪ್ರಶ್ನೆ ಹಾಕಿದ. ಬ್ರಾಹ್ಮಣರ, ಕ್ಷತ್ರಿಯರ ದೊಡ್ಡಸ್ತಿಕೆ ಹೇಳುವ, ಶೂದ್ರರನ್ನೂ ಅಸ್ಪೃಶ್ಯರನ್ನೂ ಕೀಳು ಮಾಡುವ ಈ ಕತೆಗಳನ್ನು ನಮ್ಮಿಂದ ಏಕೆ ಓದಿಸುತ್ತೀರಿ? ಅಪ್ಪ ಗದರಿದರು. ನೀವು ಹುಡುಗರು, ಹೇಳಿದಷ್ಟು ಮಾಡಿ. ಸ್ವಲ್ಪ ದಿನ ಬಿಟ್ಟು ಮಗ ಮತ್ತೆ ಅದನ್ನೇ ಕೇಳಿದ. ಈ ಸಲ ಅಪ್ಪ ಉತ್ತರ ತಯಾರು ಮಾಡಿಕೊಂಡಿದ್ದರು ಎಂದು ಅಂಬೇಡ್ಕರ್ ಬರೆಯುತ್ತಾರೆ. ಉತ್ತರದ ತಾತ್ಪರ್ಯ ಇಷ್ಟು: ನಾವು ಅಸ್ಪೃಶ್ಯರು, ನಾವು ಕೀಳು ಎಂಬ ಭಾವನೆ ನಿಮಗೆ ಬಂದೇ ಬರುತ್ತದೆ. ಅದು ಹೋಗಲಿ ಎಂದೇ ಇದನ್ನು ಓದಿಸುತ್ತೇನೆ. ದ್ರೋಣ, ಕರ್ಣ ಸಣ್ಣ ಸ್ಥಿತಿಯಿಂದ ಎಷ್ಟು ಮೇಲೆ ಹೋದರು ನೋಡಿ. ವಾಲ್ಮೀಕಿ ‘ಕೋಳಿ’ ಎಂಬ ಮೀನುಗಾರ ಜಾತಿಯವನು, ರಾಮಾಯಣ ಬರೆದ.

ಮಗನಿಗೆ ಇದು ಸರಿ ಅನ್ನಿಸಲಿಲ್ಲ. ನನಗೆ ಭೀಷ್ಮನೂ ಬೇಡ, ದ್ರೋಣನೂ ಬೇಡ, ಕೃಷ್ಣನೂ ಬೇಡ, ರಾಮನೂ ಬೇಡ ಎಂದುಬಿಟ್ಟ. ಅಪ್ಪ ಸುಮ್ಮನಾದರು.

ಮೊದಲ ಸಲ ಗದರಿ ಕಳಿಸಿದ ಅಪ್ಪ ಎರಡನೇ ಸಲಕ್ಕೆ ಯೋಚನೆ ಮಾಡಿಟ್ಟುಕೊಂಡಿದ್ದರಲ್ಲ, ಅದನ್ನು ನಾನು ಬಹಳ ದೊಡ್ಡದಾಗಿ ನೋಡುತ್ತೇನೆ. ಮಕ್ಕಳ ಮೇಲೆ ಪೂರ್ತಿ ಅಧಿಕಾರ ನಡೆಸುತ್ತಿದ್ದ ಮನುಷ್ಯ ಅವರು. ಹಾಗಿದ್ದೂ ಹುಡುಗನ ಪ್ರಶ್ನೆ ಅವರನ್ನು ಕಾಡಿದೆ, ಕಾರಣ ಹುಡುಕಿಸಿದೆ. ಆ ಕಾರಣ ಕೂಡ ಭಕ್ತಿಯದಲ್ಲ. ಹೊರಗಡೆ ದಿನಾ ಆಗುವ ಗಾಯಕ್ಕೆ ಮನೆಯೊಳಗೆ ಮದ್ದು ಕೊಡುವ ಪ್ರಯತ್ನ ಅದು. ನಮ್ಮ ಎಷ್ಟೋ ಮನೆಗಳಲ್ಲಿ ಫೀಸು ಕಟ್ಟಿದರೆ ಅಪ್ಪನ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ರಾಮ್‌ಜಿ ಮಗನ ಮನಸ್ಸಿನ ಲೆಕ್ಕವನ್ನೂ ಇಟ್ಟಿದ್ದರು. ಮದ್ದು ಮಗನಿಗೆ ಒಗ್ಗಲಿಲ್ಲ. ಮಗ ಬೇರೆ ಮದ್ದನ್ನು ಹುಡುಕಿಕೊಂಡ. ಅದನ್ನು ಮೊದಲು ಕೈಗಿಟ್ಟವರು ಮಾತ್ರ ಅಪ್ಪನ ಗೆಳೆಯರೇ.

ಯಾರ ಪಾಲು ಎಷ್ಟು

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿದರೆ ರಾಮ್‌ಜಿ ಒಬ್ಬರೇ ಎಲ್ಲವನ್ನೂ ಹೊತ್ತರು ಅನ್ನಿಸಬಹುದು. ಹಾಗಲ್ಲ. ಪಿಂಚಣಿಯಲ್ಲಿ ಇಬ್ಬರು ಹುಡುಗರನ್ನು ಓದಿಸಲು ಆಗುವುದಿಲ್ಲ ಎಂದು ಗೊತ್ತಾದಾಗ ಒಬ್ಬರನ್ನು ಆರಿಸಬೇಕಾಯಿತು. ಆರಿಸಿದ್ದು ಚಿಕ್ಕವನನ್ನು. ಆನಂದರಾವ್ ಓದು ಬಿಟ್ಟು ಕೆಲಸಕ್ಕೆ ಸೇರಿದರು. ಭೀಮನಿಗಿಂತ ಸ್ವಲ್ಪವೇ ದೊಡ್ಡವರು, ಸಾತಾರಾದಲ್ಲಿ ಜೊತೆಗೇ ಬೆಳೆದವರು, ರಾತ್ರಿ ಕತೆ ಓದುವಾಗ ಪಾಳಿ ಹಂಚಿಕೊಂಡವರು. ಅವರ ಸಂಬಳ ಮನೆಗೆ ಬಂತು.

ರಾಮ್‌ಜಿ ತಪ್ಪು ಮಾಡಿದರು ಎಂದು ನಾನು ಹೇಳಲಾರೆ. ಇಬ್ಬರನ್ನೂ ಅರ್ಧ ಓದಿಸಿದ್ದರೆ ಇಬ್ಬರೂ ಎಲ್ಲಿಗೂ ಮುಟ್ಟುತ್ತಿರಲಿಲ್ಲ. ಆದರೆ ‘ಅಪ್ಪನ ತ್ಯಾಗ’ ಎಂದು ನಾವು ಹೇಳುವಾಗ ಅದರಲ್ಲಿ ಅಣ್ಣನ ಶಾಲೆ, ಅಕ್ಕಂದಿರ ಕೊರಳ ಒಡವೆ, ಸೋದರತ್ತೆಯ ಬಾಗಿದ ಬೆನ್ನು ಎಲ್ಲವೂ ಇದೆ. ಒಡವೆ ಕೊಟ್ಟ ಮಂಜುಳಾ, ತುಳಸಾ ಅವರಿಗೆ ತಮ್ಮದೇ ಸಂಸಾರ ಇತ್ತು. ಗಂಡನ ಮನೆಯಲ್ಲಿ ಎಷ್ಟು ಸಲ ಒಡವೆ ಎಲ್ಲಿ ಎಂಬ ಮಾತು ಬಂದಿರಬಹುದು? ‘ಒಬ್ಬನಾದರೂ ಓದಲಿ’ ಎಂಬ ಮಾತು ಕರ್ನಾಟಕದ ಹಳ್ಳಿ ಮನೆಗಳಲ್ಲೂ ಇವತ್ತಿಗೂ ಕೇಳುತ್ತದೆ. ಆ ಒಬ್ಬ ಯಾರು ಎಂದು ತೀರ್ಮಾನ ಆದ ದಿನವೇ ಉಳಿದವರ ಪಾಲೂ ತೀರ್ಮಾನ ಆಗಿರುತ್ತದೆ ಅಲ್ವಾ?

ಈ ಮನೆಗೆ ಇನ್ನೊಬ್ಬಳು ಬಂದಳು. ಹೈಸ್ಕೂಲು ಮುಗಿಯುವ ಆಸುಪಾಸಿನಲ್ಲಿ ರಾಮ್‌ಜಿ ಮಗನಿಗೆ ಮದುವೆ ಮಾಡಿದರು. ಹುಡುಗಿ ರಮಾಬಾಯಿಗೆ ಆಗ ಒಂಬತ್ತು ವರ್ಷ. ಮದುವೆ ನಡೆದದ್ದು ಬೈಕಲಾ ಮಾರುಕಟ್ಟೆಯಲ್ಲಿ, ರಾತ್ರಿ ವ್ಯಾಪಾರ ಮುಗಿದ ಮೇಲೆ, ಮೀನಿನ ಅಂಗಡಿಗಳ ನಡುವೆ. ಮುಂದೆ ಗಂಡ ಪರದೇಶಗಳಲ್ಲಿ ಓದುವಾಗ ಸಂಸಾರದ ಕಷ್ಟ ಹೊತ್ತವರು ಅವರು. ಓದಿಗೆ ಆದ್ಯತೆ ಕೊಟ್ಟ ಅಪ್ಪ ಮದುವೆಯ ವಿಷಯದಲ್ಲಿ ಮಾತ್ರ ಊರಿನ ರೂಢಿಯನ್ನು ಬಿಡಲಿಲ್ಲ.

1907ರಲ್ಲಿ ಭೀಮರಾವ್ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದರು. 750ಕ್ಕೆ 282 ಅಂಕ. ಇವತ್ತಿನ ಕಣ್ಣಿಗೆ ಇದು ಕಡಿಮೆ. ಹೊಗೆ ತುಂಬಿದ ಕೋಣೆಯಲ್ಲಿ ರಾತ್ರಿ ಎರಡಕ್ಕೆ ಎದ್ದು ಓದಿದ ಹುಡುಗನ ಅಂಕ ಅದು. ಮುಂದೆ ಎಲ್ಫಿನ್‌ಸ್ಟನ್ ಕಾಲೇಜು. ಇಂಟರ್‌ಮೀಡಿಯೆಟ್ ಹೊತ್ತಿಗೆ ರಾಮ್‌ಜಿ ಅವರ ಕೈ ಪೂರ್ತಿ ಬರಿದಾಯಿತು. ಆಗ ಕೇಳುಸ್ಕರ್ ಮತ್ತೆ ಮುಂದೆ ಬಂದರು. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿ ಕರೆದುಕೊಂಡು ಹೋದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಒಬ್ಬ ಅಪ್ಪನ ಶಕ್ತಿಗೆ ಎಲ್ಲಿಗೆ ಕೊನೆ ಎಂಬುದು ಇಲ್ಲಿ ಕಾಣುತ್ತದೆ. ನಿದ್ದೆ, ಒಡವೆ, ಅಣ್ಣನ ಸಂಬಳ ಇವೆಲ್ಲ ಸೇರಿ ಹುಡುಗನನ್ನು ಕಾಲೇಜಿನ ಬಾಗಿಲ ಒಳಗೆ ತಂದವು. ಅಲ್ಲಿಂದ ಮುಂದೆ ಮನೆಯ ಹೊರಗಿನವರ ಕೈ ಬೇಕಾಯಿತು. ಆ 25 ರೂಪಾಯಿ ಇಲ್ಲದಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ಅಪ್ಪನ ಛಲ ಒಂದೇ ಸಾಕು ಎಂದು ಹೇಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.

ಬರೋಡಾ ಬೇಡ

1912ರಲ್ಲಿ ಬಿ.ಎ. ಮುಗಿಯಿತು. ವಿದ್ಯಾರ್ಥಿವೇತನ ಕೊಟ್ಟ ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಿ ಋಣ ತೀರಿಸಬೇಕು ಎಂದು ಮಗ ಹೊರಟರು. ರಾಮ್‌ಜಿ ಬೇಡ ಎಂದರು. ಬರೋಡಾದಲ್ಲಿ ಮಡಿಮೈಲಿಗೆ ಬಹಳ ಬಿಗಿ, ಅಲ್ಲಿ ನಿನ್ನನ್ನು ಬಾಳಿಸುವುದಿಲ್ಲ ಎಂಬ ಭಯ ಅವರಿಗೆ. ಮಗ ಕೇಳಲಿಲ್ಲ. 1913ರ ಜನವರಿಯಲ್ಲಿ ಬರೋಡಾಕ್ಕೆ ಹೋದರು.

ಕೆಲವೇ ದಿನಗಳಲ್ಲಿ ತಂತಿ ಬಂತು. ಅಪ್ಪನಿಗೆ ಜೋರು ಕಾಯಿಲೆ. ಮಗ ರೈಲು ಹತ್ತಿದರು. ಸೂರತ್ ಸ್ಟೇಷನ್ನಿನಲ್ಲಿ ಅಪ್ಪನಿಗೆಂದು ಸಿಹಿ ಕೊಳ್ಳಲು ಇಳಿದರು. ರೈಲು ಹೊರಟುಹೋಯಿತು. ಮುಂಬೈ ಮುಟ್ಟುವಾಗ ಮಾರನೇ ದಿನ. ಅಪ್ಪ ಮಗನನ್ನು ಕಣ್ಣಾರೆ ನೋಡಿದರು, ಬೆನ್ನ ಮೇಲೆ ಕೈ ಇಟ್ಟರು, ತೀರಿಕೊಂಡರು. ಅದು 1913ರ ಫೆಬ್ರವರಿ 2.

ಅಪ್ಪನ ಭಯ ಸುಳ್ಳಾಗಿತ್ತೇ? 1917ರಲ್ಲಿ ಅಮೆರಿಕ, ಲಂಡನ್ ಓದಿ ಬಂದ ಅಂಬೇಡ್ಕರ್ ಒಪ್ಪಂದದ ಪ್ರಕಾರ ಮತ್ತೆ ಬರೋಡಾಕ್ಕೆ ಹೋದರು. ಇರಲು ಮನೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರದಲ್ಲಿ ಉಳಿದರು. 11ನೇ ದಿನ ದೊಣ್ಣೆ ಹಿಡಿದ ಹತ್ತಾರು ಜನ ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡು ಎಂದರು. ಹಿಂದೂ ಗೆಳೆಯನೂ ಕ್ರೈಸ್ತ ಗೆಳೆಯನೂ ಮನೆಗೆ ಸೇರಿಸಿಕೊಳ್ಳಲಾರದೆ ಹೋದರು. ಐದು ಗಂಟೆ ಕಾಮಾಟಿ ಬಾಗ್ ಉದ್ಯಾನದಲ್ಲಿ ಕೂತು, ರಾತ್ರಿಯ ರೈಲಿಗೆ ಮುಂಬೈಗೆ ವಾಪಸು. ಅಪ್ಪ ಹೇಳಿದ್ದು ಅಕ್ಷರಶಃ ನಡೆದಿತ್ತು.

ಆದರೆ ಇದೇ ಬರೋಡಾ ಇಲ್ಲದಿದ್ದರೆ ಅಮೆರಿಕವೂ ಇರಲಿಲ್ಲ. ಅಪ್ಪ ತೀರಿಕೊಂಡ ಕೆಲವೇ ತಿಂಗಳಲ್ಲಿ ಸಯಾಜಿರಾವ್ ಅವರು ತಿಂಗಳಿಗೆ 11.50 ಪೌಂಡಿನಂತೆ ಮೂರು ವರ್ಷದ ನೆರವು ಕೊಟ್ಟರು. 1913ರ ಜುಲೈಯಲ್ಲಿ ಮಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಲು ಹೋಗಿ ಇಳಿದಿದ್ದರು. ಅಪ್ಪ ಇನ್ನು ಆರು ತಿಂಗಳು ಬದುಕಿದ್ದರೆ ಹಡಗು ಹತ್ತುವುದನ್ನು ನೋಡುತ್ತಿದ್ದರು. ಮಗನ ವಿಷಯದಲ್ಲಿ ಅಪ್ಪನ ಎಚ್ಚರವೂ ಸರಿ, ಆ ಎಚ್ಚರವನ್ನು ಮೀರಿ ಮಗ ಹೋದದ್ದೂ ಸರಿ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳದೆ ಈ ಪ್ರಕರಣ ಅರ್ಥವಾಗುವುದಿಲ್ಲ.

1923ರಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ಬರೆದ ತಮ್ಮ ಲಂಡನ್ ಪ್ರಬಂಧ ಪುಸ್ತಕವಾದಾಗ ಅಂಬೇಡ್ಕರ್ ಅದನ್ನು ಅಪ್ಪ ಅಮ್ಮನ ನೆನಪಿಗೆ ಅರ್ಪಿಸಿದರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಕೊಲಂಬಿಯಾದಲ್ಲಿದ್ದಾಗ ಅವರು ಅಪ್ಪನ ಗೆಳೆಯರೊಬ್ಬರಿಗೆ ಬರೆದ ಕಾಗದ. ತಂದೆತಾಯಿ ಮಕ್ಕಳಿಗೆ ಜನ್ಮ ಕೊಡುತ್ತಾರೆ, ಕರ್ಮ ಕೊಡಲಾರರು ಎಂಬ ನಂಬಿಕೆಯನ್ನು ನಾವು ಬಿಡಬೇಕು, ಮಕ್ಕಳ ಹಣೆಬರಹವನ್ನು ತಂದೆತಾಯಿ ತಿದ್ದಬಲ್ಲರು ಎಂದು ಅದರಲ್ಲಿ ಬರೆದರು. ಇದನ್ನು ಅವರು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಪರಳದ ಕೋಣೆಯಲ್ಲಿ. ಅದರ ಜೊತೆಗೆ ರಾಮ್‌ಜಿ ಅವರ ಲೆಕ್ಕದಲ್ಲಿ ಸೇರದೇ ಹೋದ ಒಂದು ಮಾತನ್ನೂ ಸೇರಿಸಿದರು: ಗಂಡುಮಕ್ಕಳ ಓದಿನ ಜೊತೆಜೊತೆಗೇ ಹೆಣ್ಣುಮಕ್ಕಳ ಓದೂ ನಡೆದರೆ ನಮ್ಮ ಏಳಿಗೆ ಇನ್ನೂ ಬೇಗ ಆಗುತ್ತದೆ.